ಎಪ್ಪಿಂಗ್ ಆಂಟಿಗೆ ಒಯ್ದ ಹೆಪ್ಪು

ಆಗ ಮೆಲ್ಬರ್ನ್‌ನ ಲ್ಯಾಬೊಂದರಲ್ಲಿ ನನ್ನ ಕೆಲಸ, ಎಣ್ಣೆಯನ್ನು ಒಡೆದು ಆಸಿಡ್ ಮಾಡುವ ಎನ್‌ಜೈಮ್ ಒಂದನ್ನು ತಿದ್ದಿ ತೀಡಿ ಚುರುಕು ಮಾಡುವುದು. ಮೂರು ವರ್ಷ ತಿದ್ದಿದ್ದನ್ನು ಸಿಡ್ನಿಯ ಕಾರ್ಖಾನೆಗೆ ಪರೀಕ್ಷೆಗೆಂದು ಹೊತ್ತು ಹೊರಟಾಗ, ನನ್ನ ಹೆಂಡತಿ ಅದೇ ಐಸ್ ಬಾಕ್ಸಿಗೆ ಒಂದು ಡಬ್ಬಿ ಮೊಸರನ್ನೂ ತುರುಕಿದಳು; ಸಿಡ್ನಿಯ ಎಪ್ಪಿಂಗ್ ಬಡಾವಣೆಯಲ್ಲಿ ನಮ್ಮ ಪರಿಚಯದ ಆಂಟಿಯೊಬ್ಬರಿದ್ದರು. "ಎಪ್ಪಿಂಗ್ ಆಂಟಿಗೆ ಹೆಪ್ಪಿಗೆ ಕೊಡಿ. ಅಂಗಡಿ ಮೊಸರು ಹಾಕಿದ್ರೆ ಲೋಳೆ ಆಗತ್ತಂತೆ, ಪಾಪ."

ಸಿಡ್ನಿ ತಲುಪುವಷ್ಟರಲ್ಲಿ ಐಸ್ ಕರಗಿ ಲೇಬಲ್ ಕಿತ್ತುಬಂದಿತ್ತು. ಎರಡೂ ಬಿಳಿ ಡಬ್ಬಿ, ಒಳಗಿರುವುದೂ ಬಿಳಿ ಗಂಜಿಯಂಥದ್ದೇ. ಧೈರ್ಯವಾಗಿ ಒಂದನ್ನು ಆಂಟಿಗೆ, ಇನ್ನೊಂದನ್ನು ಕಾರ್ಖಾನೆಗೆ ಕೊಟ್ಟೆ.

ಮರುದಿನ ಬೆಳಿಗ್ಗೆ ಆಂಟಿಯ ಫೋನು. "ಏನಪ್ಪಾ ಇದು ಹೆಪ್ಪು! ಹಾಲೆಲ್ಲಾ ಸೋಪಿನ ವಾಸನೆ. ಚೆಲ್ಬಿಟ್ಟೆ. ಸಿಂಕ್ ಮಾತ್ರ ಫಳಫಳ ಅಂತಿದೆ ನೋಡು."

ಫೋನಿಟ್ಟವನೇ ಕಾರ್ಖಾನೆಗೆ ಓಡಿದೆ. ನಮ್ಮನೆ ಮೊಸರು ಆಗಲೇ ಅವರ ಎಣ್ಣೆಗೆ ಬಿದ್ದಿತ್ತು. ಅಲ್ಲಿನ ಕೆಮಿಸ್ಟ್ ಮೀಟರ್ ತೋರಿಸುತ್ತಾ ನನ್ನ ಬೆನ್ನು ತಟ್ಟಿದ. "ಆಸಿಡ್ ಏರಿದೆ ಮೇಟ್! ಹೋದ ಸಲ ನಿಮ್ಮ ಲ್ಯಾಬ್ ಕಳಿಸಿದ್ದಕ್ಕಿಂತ ಎಷ್ಟೋ ವಾಸಿ!"

ಹುಳಿ ಮೊಸರು ಸುರಿದರೆ ಆಸಿಡ್ ಏರದೆ ಇರುತ್ತದೆಯೇ?

"ಇದನ್ನು ಮಾಡಿದ್ದು ಯಾರು?" ಎಂದು ಕೇಳಿದ.

"ನನ್ನ ಹೆಂಡತಿ" ಎಂದೆ.

"ಮುಂದಿನ ಸಲ ಅವರನ್ನೇ ಕಳಿಸು" ಎಂದ.