ಲಗ್ನಪತ್ರಿಕೆಯಂಥ ವೆಬ್‌ಸೈಟ್

ಪ್ರೆಸ್ ಮಾವನ ಬಲಗಿವಿಯ ಮೇಲೆ ಸದಾ ಒಂದು ಗಿಡ್ಡ ಪೆನ್ಸಿಲ್, ಹತ್ತೂ ಉಗುರುಗಳಲ್ಲಿ ಮಸಿ. ಹೊನ್ನಾಳಿಯಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಅವರ ಪ್ರೆಸ್ಸು. ಅಲ್ಲಿ ಲಗ್ನಪತ್ರಿಕೆ ಅಚ್ಚಾಗುವುದನ್ನು ನೋಡುತ್ತಲೇ ನಾನು ದೊಡ್ಡವಳಾದೆ.

ಅವರದೊಂದು ವಿಚಿತ್ರ ಅಭ್ಯಾಸ. ಪತ್ರಿಕೆಯ ಕರಡನ್ನು ಮದುವೆ ಮನೆಯವರಿಗೆ ತೋರಿಸುವ ಮೊದಲೇ ಬಸ್ ಸ್ಟ್ಯಾಂಡಿಗೆ ಒಯ್ದು, ಸವಳಂಗದ ಬಸ್ಸಿಗೆ ಕಾದು ಕುಂತವರ ಕೈಗಿಟ್ಟು, "ಮದುವೆ ಎಲ್ಲೈತೆ, ಯಾವಾಗೈತೆ, ಹೇಳ್ರಿ ನೋಡನ" ಎನ್ನುತ್ತಾರೆ. ಬೆರಳು ಸೀದಾ ಮುಹೂರ್ತದ ಮೇಲೆ ಹೋದರೆ ಪಾಸು. ಅಲೆದಾಡಿತೋ, ಆ ಕರಡಿನ ಕಥೆ ಮುಗಿಯಿತು.

ಇದಕ್ಕೆ ಕಾರಣವಿದೆ. ಹರೆಯದಲ್ಲಿ ಮಾವನಿಗೂ ಹೊಸತನದ ಹುಚ್ಚು ಹಿಡಿದಿತ್ತಂತೆ. ಸ್ವಂತ ತಂಗಿಯ ಪತ್ರಿಕೆಯಲ್ಲಿ ಸಂಜೆಯ ಆರತಕ್ಷತೆಯನ್ನು ದೊಡ್ಡದಾಗಿ ಮುಂದೆ ಹಾಕಿ, ಮುಹೂರ್ತವನ್ನು ಹಿಂಬದಿಯ ಬಳ್ಳಿ ಚಿತ್ರದೊಳಗೆ ಇಟ್ಟುಬಿಟ್ಟರು. ಅರ್ಧ ಊರು ಸಂಜೆಯೇ ಬಂತು. ಬೆಳಗ್ಗೆ ಅಕ್ಕಿಕಾಳು ಹಾಕಲು ಜನವಿಲ್ಲದೆ ಅಡುಗೆಯವರನ್ನು ಕರೆದು ನಿಲ್ಲಿಸಿದರಂತೆ!

ಈ ಕಥೆಗೆ ಬಿದ್ದು ಬಿದ್ದು ನಗುತ್ತಿದ್ದ ನಾನೂ ಅದನ್ನೇ ಮಾಡಿದೆ. ವೆಬ್‌ಸೈಟ್ ಮಾಡಲು ಕಲಿತ ಮೇಲೆ ನನಗೆ ಸಿಕ್ಕ ಮೊದಲ ಗಿರಾಕಿ, ಜಗಳೂರಿನಲ್ಲಿ ಖಡಕ್ ರೊಟ್ಟಿ ಮಾಡುವ ಹೆಂಗಸರ ಗುಂಪು. ಕೂಲಿ ಬಿಟ್ಟು ಒಲೆ ಮುಂದೆ ಕೂತವರು. ನಾನೋ, ಪುಟ ತೆರೆದರೆ ರೊಟ್ಟಿಯೊಂದು ಗಿರಗಿರ ತಿರುಗಬೇಕು, ಅದನ್ನು ಮುಟ್ಟಿದರೆ ಮಾತ್ರ ಫೋನ್ ನಂಬರ್ ಕಾಣಬೇಕು ಎಂದು ಜಾಣತನ ತೋರಿಸಿದ್ದೆ. ಹದಿನೈದು ದಿನವಾದರೂ ಒಂದು ಫೋನೂ ಬರಲಿಲ್ಲ. "ಇನ್ನೊಂದು ವಾರ ನೋಡ್ತೀವ್ರೀ, ಆಮೇಲೆ ಕೂಲಿಗೆ ಹೋಗಾಕೇ ಬೇಕು" ಎಂದು ಗುಂಪಿನ ಹಿರಿಯಕ್ಕ ಹೇಳಿದಾಗ ನನಗೆ ಅಳುವೇ ಬಂತು.

ವಿಷಯ ಕೇಳಿದ ಮಾವ ನನ್ನ ಮೊಬೈಲ್ ಕಸಿದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ಅಲ್ಲಿದ್ದವರೆಲ್ಲ ತಿರುಗುವ ರೊಟ್ಟಿ ನೋಡಿ, "ಚೆಂದ ಐತೆ" ಎಂದು ಮೊಬೈಲ್ ವಾಪಸ್ ಕೊಟ್ಟರು. ನಂಬರ್ ಒಬ್ಬರಿಗೂ ಸಿಗಲಿಲ್ಲ.

ಮಾವ ಹಳೇ ಪತ್ರಿಕೆಯೊಂದರ ಬೆನ್ನ ಮೇಲೆ ಚೌಕಗಳನ್ನು ಎಳೆದರು. "ದೇವರ ಜಾಗದಾಗೆ ಗುಂಪಿನ ಹೆಸರು. ಕೆಳಗೆ ಸಾಲಾಗಿ ಏನೇನೈತೆ ಅಂತ. ವಧುವರರ ಜಾಗದಾಗೆ ರೊಟ್ಟಿ, ಅದರ ಬುಡಕ್ಕೇ ಫೋನ್ ಮಾಡೋ ಗುಂಡಿ. ಕಟ್ಟಕಡೆಗೆ ವಿಳಾಸ."

"ಎಲ್ಲರೂ ಹಿಂಗೇ ಮಾಡ್ತಾರಲ್ಲ ಮಾವ?"

"ಅದಕ್ಕೇ ಹಿಂಗೆ ಮಾಡವ್ವ. ಜನ ಕಣ್ಣು ಎಲ್ಲಿ ಹಾಕ್ತಾರೋ ಅಲ್ಲೇ ಮಾತು ಇಡಬೇಕು."

ಎರಡು ದಿನ ಬಿಟ್ಟು ಮತ್ತೆ ಬಸ್ ಸ್ಟ್ಯಾಂಡು. ಬಸವಾಪಟ್ಟಣದ ಅಜ್ಜಿಯೊಬ್ಬರು ಹೊಸ ಪುಟ ನೋಡಿದವರೇ, ನಾವು ಬಾಯಿ ತೆರೆಯುವ ಮೊದಲೇ ಗುಂಡಿ ಒತ್ತಿಬಿಟ್ಟರು. "ಯಾರವ್ವಾ? ಮೊಮ್ಮಗನ ತೊಟ್ಟಿಲು ಕಾರ್ಯಕ್ಕೆ ಇನ್ನೂರು ರೊಟ್ಟಿ ಬೇಕಿತ್ತು. ಬಸ್ಸಿಗೆ ಹಾಕಿ ಕಳಿಸಾಕೆ ಆಗ್ತೈತೇನು?" ಆ ಕಡೆ ಹಿರಿಯಕ್ಕ, "ಬರ್ರೇ, ಆರ್ಡರ್ ಬಂದೈತೆ!" ಎಂದು ಉಳಿದವರನ್ನು ಕೂಗಿದ್ದು ನಮಗೂ ಕೇಳಿಸಿತು. ನಾನು ಅಷ್ಟು ಜನರ ಮುಂದೆ ಕುಣಿದೇಬಿಟ್ಟೆ.

ಅವರ ಎರಡು ಒಲೆ ಈಗ ಏಳಾಗಿವೆ. ಮಾವನಿಗೆಂದು ತಿಂಗಳಿಗೊಂದು ಕಟ್ಟು ರೊಟ್ಟಿ ಬರುತ್ತದೆ. ಹಲ್ಲಿಲ್ಲದ ಮಾವ ಅದನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾ, "ಖಡಕ್ ಅಂತ ಯಾಕೆ ಹಾಕಿದೆ, ಮೆತ್ತಗೈತಲ್ಲ" ಎಂದು ನನ್ನನ್ನು ಕಾಡಿಸುತ್ತಾರೆ. ನಾನು ದಿನಾ ಉಣ್ಣುವ ಅನ್ನ ಅವರು ಕಲಿಸಿದ ವಿದ್ಯೆಯದು.