ಸೂಜಿ ಚುಚ್ಚದ ಡಾಕ್ಟ್ರಮ್ಮ

ನೀವು ನಂಬಲ್ಲ, ಬೇಕಾದ್ರೆ ಪಂದ್ಯ ಕಟ್ಟಿ. ನಮ್ಮ ಕುಂದಲಹಳ್ಳಿಲಿ ಒಬ್ರು ಡಾಕ್ಟ್ರಮ್ಮ ಇದ್ರು. ಏಪ್ರಿಲ್ ತಿಂಗಳ ಸುಡು ಮಧ್ಯಾಹ್ನದಲ್ಲೂ ಅವರ ಕೈ ನೀರು ತುಂಬಿದ ಮಡಕೆ ಹೊಟ್ಟೆ ಥರ ತಣ್ಣಗಿರ್ತಿತ್ತು. ನಾಡಿ ನೋಡೋಕೆ ಮಣಿಕಟ್ಟು ಹಿಡಿದ್ರೆ ಸಾಕು, ಒಳಗಿನ ಗಾಬರಿ ಅಲ್ಲೇ ಕುಂತ್ಕೊಂಡ್ಬಿಡೋದು. ಹತ್ತೂ ಉಗುರಿನ ಸಂದಿಲಿ ಮಣ್ಣು. ಕೈ ತೊಳ್ಕೊಳ್ಳದೆ ಇರೋರಲ್ಲ, ಒಬ್ಬೊಬ್ಬರನ್ನ ನೋಡಿದ ಮೇಲೂ ಸೋಪು ಹಾಕಿ ಉಜ್ಜೋರು. ಆ ಮಣ್ಣಿಗೇ ಆಯಮ್ಮನ್ನ ಬಿಟ್ಟು ಹೋಗೋಕೆ ಮನಸ್ಸಿರಲಿಲ್ಲ ಅಂತ ಕಾಣುತ್ತೆ.

ಮಾತ್ರೆ ಕೊಡೋ ಡಾಕ್ಟ್ರಲ್ಲ ಅವರು. ಪ್ರಕೃತಿ ಚಿಕಿತ್ಸೆ. ಹೊಟ್ಟೆ ಮೇಲೆ ಒದ್ದೆ ಮಣ್ಣಿನ ಪಟ್ಟಿ, ತೊಟ್ಟಿಲಿ ಸೊಂಟದವರೆಗೆ ತಣ್ಣೀರು, ಬೆಳಗ್ಗೆ ಬೂದುಗುಂಬಳದ ರಸ, ಅದೂ ಸಾಲದು ಅಂದ್ರೆ ಉಪವಾಸ. ಇದಕ್ಕೂ ಐದು ವರ್ಷಕ್ಕಿಂತ ಜಾಸ್ತಿ ಓದ್ಬೇಕಂತೆ! ಕರಾವಳಿ ಕಡೆ ಕಾಲೇಜಲ್ಲಿ ಓದ್ಕೊಂಡು ಬಂದಿದ್ರು. ಊರೂ ಆ ಕಡೆನೇ, ಅದಕ್ಕೇ ಮಾತಿಗೊಂದು 'ಮಾರಾಯ್ರೆ'. ಸರ್ಜಾಪುರದ ಆಚೆ ಯಾರದೋ ತೋಟದಲ್ಲಿ ಆಳಕ್ಕೆ ಅಗೆಸಿ ಮಣ್ಣು ತರಿಸಿ, ನಮ್ಮ ಟೆರೇಸ್ ಮೇಲೆ ಒಣಗಿಸಿ, ರಾಗಿ ಹಿಟ್ಟಿನ ಥರ ಜರಡಿ ಹಿಡಿಯೋರು. ಬೀದಿಲಿ ಎಲ್ರಿಗೂ ಅವರು ಮಣ್ಣು ಡಾಕ್ಟ್ರಮ್ಮ.

ಅವರಿಗೆ ಜಾಗ ಕೊಟ್ಟವನು ಯಾರು ಅಂತೀರಿ? ಈ ಮಹಾಶಯನೇ. ನಮ್ಮ ಎಮ್ಮೆ ಕೊಟ್ಟಿಗೆ ಇದ್ದ ಕಡೆ ಎರಡು ಅಂಗಡಿ ಮಾಡಿ ಮೇಲೆ ಮನೆ ಕಟ್ಕೊಂಡಿದ್ದೆ. ಒಂದ್ರಲ್ಲಿ ಮೊಬೈಲ್ ಕವರ್ ಮಾರೋನಿದ್ದ, ಇನ್ನೊಂದು ಖಾಲಿ. ಡಾಕ್ಟ್ರು ಬರ್ತಾರೆ ಅಂದಾಗ ನನ್ನ ಖುಷಿ ಕೇಳ್ಬೇಡಿ. ಮೈ ಕೈ ನೋವು ಬಂದಾಗೆಲ್ಲ ಪಟ್ಟಾಪಟ್ಟಿ ಚಡ್ಡಿಲೇ ಕೆಳಗಿಳಿದು ಒಂದು ಇಂಜೆಕ್ಷನ್ ಹಾಕಿಸ್ಕೊಂಡು ಬರಬಹುದಲ್ಲ! ಆ ಉತ್ಸಾಹದಲ್ಲಿ ಪೇಂಟರ್‌ನ ಕರೆಸಿ, ಶಟರ್ ಮೇಲಿನ ಗೋಡೆಗೆ 'ಕ್ಲಿನಿಕ್' ಅಂತ ಬರೆಸಿ, ಪಕ್ಕದಲ್ಲಿ ತೋಳುದ್ದದ ಒಂದು ಸಿರಿಂಜ್ ಹಾಕಿಸ್ದೆ. ಸೂಜಿ ತುದಿಲಿ ಕೆಂಪು ಹನಿ ಬೇರೆ.

ಡಾಕ್ಟ್ರಮ್ಮ ಸಾಮಾನು ಸಮೇತ ಬಂದಿಳಿದ್ರು. ತಲೆ ಎತ್ತಿ ನೋಡಿದ್ರು.

"ಇದೆಂತದು ಮಾರಾಯ್ರೆ?"

"ಸಿರಿಂಜ್ ಮೇಡಂ. ನಮ್ಮ ಕಡೆಯಿಂದ ಫ್ರೀ."

"ಅಳಿಸ್ಲಿಕ್ಕೆ ಹೇಳಿ. ಸೂಜಿ ಹಾಕ್ಲಿಕ್ಕೆ ನಂಗೆ ಬರ್ಕೊಟ್ಟಿಲ್ಲ."

ಪೇಂಟರ್ ಫೋನ್ ಎತ್ತಲಿಲ್ಲ. ಆಯಮ್ಮನೇ ಸೀರೆ ಸೆರಗು ಸಿಗಿಸ್ಕೊಂಡು, ಸ್ಟೂಲ್ ಹತ್ತಿ, ಥಿನ್ನರಲ್ಲಿ ಅದ್ದಿದ ಬಟ್ಟೆ ಹಿಡಿದು ಉಜ್ಜಿದ್ರು. ಬಣ್ಣ ಹೋಯ್ತು. ಆದ್ರೆ ಸಾಯಂಕಾಲದ ಬಿಸಿಲು ಓರೆಯಾಗಿ ಬಿದ್ರೆ ಸಿರಿಂಜಿನ ಅಚ್ಚು ಎದ್ದು ಕಾಣೋದು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

'ನಂಗೆ ಬರ್ಕೊಟ್ಟಿಲ್ಲ.' ಆಯಮ್ಮನ ಬಾಯಲ್ಲಿ ದಿನಾ ಕೇಳ್ತಿದ್ದ ಮಾತು ಅದು. ಡಾಕ್ಟ್ರು ಅಂತ ಕೆಲಸ ಮಾಡೋಕೆ ಸರ್ಕಾರದ ನೋಂದಣಿ ಬೇಕಲ್ಲ, ಯಾವ ಪದ್ಧತಿಲಿ ಚಿಕಿತ್ಸೆ ಕೊಡಬಹುದು ಅಂತ ಬರ್ಕೊಟ್ಟಿರೋ ಆ ಸರ್ಟಿಫಿಕೇಟಿಗೆ ಫ್ರೇಮ್ ಹಾಕ್ಸಿದ್ರು. ಎಲ್ಲ ಡಾಕ್ಟ್ರೂ ಅದನ್ನ ತಮ್ಮ ಕುರ್ಚಿ ಹಿಂದೆ ನೇತಾಕ್ತಾರೆ, ರೋಗಿಗೆ ಕಾಣ್ಲಿ ಅಂತ. ಈಯಮ್ಮ ತಮ್ಮ ಕಣ್ಣೆದುರಿನ ಗೋಡೆಗೆ ಮೊಳೆ ಹೊಡೆಸಿದ್ರು.

"ಯಾಕ್ ಮೇಡಂ, ಮಾರ್ಕ್ಸ್ ಕಮ್ಮಿನಾ? ನಮಗೆ ತೋರ್ಸೋಕೆ ನಾಚಿಕೆನಾ?" ಅಂತ ಕಿಚಾಯಿಸ್ದೆ.

"ನಿಮಗಿಂತ ಹೆಚ್ಚು ನಾನು ನೋಡ್ಬೇಕಲ್ಲ ಅದನ್ನು. ನಂಗೆ ಎಷ್ಟು ಮಾಡ್ಲಿಕ್ಕೆ ಉಂಟು, ಎಲ್ಲಿ ನಿಲ್ಲಿಸ್ಲಿಕ್ಕೆ ಉಂಟು ಅಂತ."

ನಿಲ್ಲಿಸೋದು ಅಂದ್ರೆ ನಿಲ್ಲಿಸೋದೇ. ಪಕ್ಕದ ಟೆಕ್ ಪಾರ್ಕಿನ ಹುಡುಗರು ಬಂದು, ಇಲ್ಲದ ಜ್ವರಕ್ಕೆ ರಜೆ ಚೀಟಿ ಕೇಳೋರು. ಕೊಡ್ತಿರಲಿಲ್ಲ. ಯಾದಗಿರಿ ಕಡೆಯ ಗಾರೆ ಮೇಸ್ತ್ರಿ ಒಬ್ಬ ಹಿಂದಿನ ಬೀದಿಲಿ ರೂಮ್ ಮಾಡ್ಕೊಂಡಿದ್ದ, ನಡು ನೋವು. ಬಂದಾಗೆಲ್ಲ ಅಂಗಿ ತೋಳು ಮೇಲೇರಿಸ್ಕೊಂಡೇ ಕೂರೋನು. "ಒಂದ್ ಸೂಜಿ ಹೊಡದ್ ಬಿಡ್ರಿ ಬಾಯಾರ, ನಿಮಗ್ ಪುಣ್ಯ ಬರ್ತೈತಿ." ಅವನಿಗೂ ಮಣ್ಣೇ. ನಮ್ಮ ಕಡೆ ಲೆಕ್ಕ ಗೊತ್ತಲ್ಲ, ಇಂಜೆಕ್ಷನ್ ಹಾಕದೋನು ಡಾಕ್ಟ್ರೇ ಅಲ್ಲ. ಬೀದಿ ಮೂಲೆಲಿ ಒಬ್ಬ ಇದ್ದ, ಅವನ ಗೋಡೆಲಿ ಕ್ಯಾಲೆಂಡರ್ ಬಿಟ್ರೆ ಯಾವ ಸರ್ಟಿಫಿಕೇಟೂ ಇಲ್ಲ. ಬಂದೋರಿಗೆಲ್ಲ ಡ್ರಿಪ್ ಏರಿಸೋನು. ಅವನ ಬಾಗಿಲಲ್ಲಿ ಜಾತ್ರೆ, ನಮ್ಮ ಆಯಮ್ಮನ ಬೆಂಚಲ್ಲಿ ನಾಕು ಜನ.

ತುಂಬಾ ಗಂಭೀರದ ಹೆಂಗಸು ಅನ್ಕೊಂಡ್ರಾ? ನಾನೂ ಹಂಗೇ ಅನ್ಕೊಂಡು ಒಂದಿನ ಕಲಸಿಟ್ಟ ಮಣ್ಣಿನ ಬೇಸಿನ್ನಿಗೆ ಪ್ಲಾಸ್ಟಿಕ್ ಹಲ್ಲಿ ಬಿಟ್ಟೆ. ಕಿರಿಚ್ಕೋತಾರೆ ಅಂತ ಬಾಗಿಲ ಸಂದಿಲಿ ಕಾದೆ. ಸದ್ದಿಲ್ಲ. ಮಾರನೇ ದಿನ ನಂಗೆ ಅಜೀರ್ಣ, ಹೋಗಿ ಮಲಗಿದೆ, ಹೊಟ್ಟೆ ಮೇಲೆ ಪಟ್ಟಿ ಹಾಕಿದ್ರು. ಅರ್ಧ ಗಂಟೆ ಆದ್ಮೇಲೆ ತೆಗೆದು ನೋಡಿದ್ರೆ ಹೊಕ್ಕುಳ ಪಕ್ಕದಲ್ಲಿ ಹಲ್ಲಿ ಅಚ್ಚು, ಬಾಲ ಸಮೇತ! ಪಟ್ಟಿ ಒಳಗೇ ಮಲಗಿಸಿದ್ರು ಪುಣ್ಯಾತ್ಗಿತ್ತಿ. "ಹಲ್ಲಿ ಬಿದ್ದದ್ದಕ್ಕೆ ಪಂಚಾಂಗದಲ್ಲಿ ಎಂತ ಫಲ ಉಂಟು, ನೋಡಿ ಹೇಳಿ" ಅಂದ್ರು, ಮುಖದಲ್ಲಿ ಒಂದು ಗೆರೆ ಅಲ್ಲಾಡದೆ. ನನ್ನ ಜೀವಮಾನದಲ್ಲಿ ನಂಗೆ ಟೋಪಿ ಹಾಕಿದ ಒಂದೇ ಜೀವ ಅದು.

ಈಗ ಅಸಲು ಕಥೆಗೆ ಬರ್ತೀನಿ. ಒಂದಿನ ಸಾಯಂಕಾಲ ನಮ್ಮ ಬೀದಿಗೆ ಜೀಪು ಬಂತು. ನಕಲಿ ಡಾಕ್ಟ್ರುಗಳನ್ನ ಹಿಡಿಯೋ ತಂಡ. ಮೂಲೆಯ ಡ್ರಿಪ್ ಡಾಕ್ಟ್ರಿಗೆ ಹೆಂಗೆ ಗೊತ್ತಾಯ್ತೋ ಏನೋ, ಜೀಪು ತಿರುಗೋ ಮೊದಲೇ ಶಟರ್ ಎಳ್ಕೊಂಡು ಮಾಯ. ಅವರು ಸೀದಾ ಬಂದಿದ್ದು ನಮ್ಮ ಬಾಗಿಲಿಗೆ. ಆಫೀಸರ್ ತಲೆ ಎತ್ತಿದ. ಓರೆ ಬಿಸಿಲಲ್ಲಿ ನನ್ನ ಸಿರಿಂಜು ಗೋಡೆ ಮೇಲೆ ಠೀವಿಯಿಂದ ಕೂತಿದೆ!

"ಏನ್ ಮೇಡಂ, ಪ್ರಕೃತಿ ಚಿಕಿತ್ಸೆ ಹೆಸರಲ್ಲಿ ಇಂಜೆಕ್ಷನ್ ನಡೀತಿದೆಯಂತೆ? ದೂರು ಬಂದಿದೆ. ಸಾಬೀತಾದ್ರೆ ನೋಂದಣಿನೇ ರದ್ದಾಗುತ್ತೆ, ಗೊತ್ತಲ್ಲ?"

"ಇಲ್ಲಿ ಸೂಜಿಯೇ ಇಲ್ಲ ಸಾರ್. ಒಳಗೆ ನೋಡ್ಬಹುದು."

"ಒಳಗೆ ಆಮೇಲೆ ನೋಡೋಣ. ಮೊದ್ಲು ಜನ ಹೇಳ್ಲಿ." ಅಂತ ಬೆಂಚಿನ ಕಡೆ ತಿರುಗಿ ಹೂ ಮಾರೋ ಅಕ್ಕನ್ನ ಕೇಳ್ದ, "ಇಲ್ಲಿ ಇಂಜೆಕ್ಷನ್ ಹಾಕ್ತಾರೇನಮ್ಮ?"

ಆ ಅಕ್ಕ ಏನ್ ತಿಳ್ಕೊಂಡ್ಲು? ಸೂಜಿ ಹಾಕಲ್ಲ ಅಂದ್ರೆ ನಮ್ಮ ಡಾಕ್ಟ್ರಮ್ಮಂಗೆ ಕೆಲಸ ಬರಲ್ಲ ಅಂತ ಬಾಗಿಲು ಮುಚ್ಚಿಸ್ತಾರೆ ಅಂತ. ಎದೆ ಉಬ್ಬಿಸಿದ್ಲು.

"ಅಯ್ಯೋ ಆಕ್ತಾರೆ ಸಾಮಿ! ಏನ್ ಕೈಗುಣ ಅಂತೀರಿ! ಸೂಜಿ ಒಳಿಕ್ಕೆ ಓಗಿದ್ದೇ ಗೊತ್ತಾಗಕಿಲ್ಲ!"

ಪಕ್ಕದಲ್ಲಿದ್ದ ಪಿಜಿ ವಾಚ್‌ಮನ್ ಬಿಡ್ತಾನಾ? "ಡ್ರಿಪ್ಪೂ ಹಾಕ್ತಾರೆ ಸಾರ್. ದೊಡ್ಡಾಸ್ಪತ್ರೆಲೂ ಅಂಥ ಡ್ರಿಪ್ ಇಲ್ಲ."

ಇಬ್ರೂ ಮೈಗೆ ಮಣ್ಣು ಬಿಟ್ರೆ ಬೇರೇನೂ ಕಂಡೋರಲ್ಲ. ಆಫೀಸರ್ ಬರ್ಕೊತಾ ಇದ್ದ. "ಇವರು ಸುಮ್ನೆ ಹೇಳ್ತಾ ಇದ್ದಾರೆ ಸಾರ್..." ಅಂತ ಡಾಕ್ಟ್ರಮ್ಮ ಬಾಯಿ ತೆರೆದ್ರು. "ನೀವು ಸುಮ್ನಿರಿ ಮೇಡಂ, ನಿಮ್ಮ ಪೇಷೆಂಟೇ ಹೇಳ್ತಿದ್ದಾರಲ್ಲ" ಅಂದ. ಆಯಮ್ಮ ಗೋಡೆ ಮೇಲಿನ ಫ್ರೇಮ್ ನೋಡ್ತಾ ನಿಂತ್ಬಿಟ್ರು. ಅಷ್ಟು ವರ್ಷದ ಓದು, ಅಷ್ಟು ವರ್ಷ ಎಷ್ಟೇ ಕೇಳಿದ್ರೂ ಸೂಜಿ ಮುಟ್ಟದ ಹಟ, ಎಲ್ಲ ಎರಡು ಹೊಗಳಿಕೆಗೆ ನೀರಲ್ಲಿ ಹೋಮ ಆಗ್ತಿತ್ತು.

ಇವರು ಸುಳ್ಳು ಹೇಳ್ತವ್ರೆ ಅಂತ ನಾನಂದ್ರೆ ಯಾರು ನಂಬ್ತಾರೆ? ಬೀದಿಗೆಲ್ಲ ನಾನೇ ಸುಳ್ಳಿನ ಹೋಲ್‌ಸೇಲ್ ವ್ಯಾಪಾರಿ. ಆದ್ರೆ ನನ್ನ ತಲೆ ಸಾಮಾನ್ಯದ್ದಲ್ಲ ಕಣ್ರೀ. ಹೊಗಳಿದ್ದಕ್ಕೆ ತಾನೆ ಕುತ್ತಿಗೆಗೆ ಬಂದಿರೋದು? ಹಂಗಾದ್ರೆ ಬೈದೇ ಬಿಡಿಸ್ಬೇಕು!

"ಸಾರ್, ನಂದೊಂದು ಕಂಪ್ಲೇಂಟು. ಬರ್ಕೊಳ್ಳಿ. ಈಯಮ್ಮಂಗೆ ಜಾಗ ಕೊಟ್ಟವನು ನಾನು. ಇಂಜೆಕ್ಷನ್ ಆಸೆಗೇ ಕೊಟ್ಟಿದ್ದು. ಇವತ್ತಿಗೂ ಒಂದು ಸೂಜಿ ಚುಚ್ಚಿಲ್ಲ. ಆ ಚಿತ್ರ ಬರೆಸ್ದೋನೂ ನಾನೇ, ಅಳಿಸಿದ್ದು ಇವ್ರು. ನನ್ನ ಪೇಂಟೂ ದಂಡ! ಮೋಸ ಇದು!"

ಬೆಂಚಿನ ತುದಿಲಿ ಕೂತಿದ್ದ ಮೇಸ್ತ್ರಿಗೆ ಇದು ನಾಟಕ ಅಂತ ಗೊತ್ತಿಲ್ಲ. ಅವನಿಗೆ ಒಳಗಿದ್ದ ಸಿಟ್ಟೆಲ್ಲ ಎದ್ದು ಬಂತು. "ನಂದೂ ಬರ್ಕೋರಿ ಸಾಹೇಬ್ರ! ಮಳಿಗಾಲದಿಂದ ಅಡ್ಡಾಡಾಕತ್ತೀನಿ. ಒಂದ್ ಸೂಜಿ ಹೊಡೀರಿ ಅಂತ ಕೈ ಮುಗದೀನಿ. ಬರೇ ಮಣ್ಣು! ನಾ ಹಗಲೆಲ್ಲ ಮಣ್ಣಾಗ ಇರಾಂವ, ಇಲ್ಲಿ ಬಂದ್ರೂ ಮಣ್ಣ ಹಚ್ತಾರ!"

ಆಮೇಲೆ ತಡೆಯೋರ್ಯಾರು? ವಾಚ್‌ಮನ್ನೂ ಮಾತ್ರೆ ಕೇಳಿದ್ರೆ ಬೇರೆ ಡಾಕ್ಟ್ರ ಹತ್ರ ಕಳಿಸ್ತಾರೆ ಅಂದ. ಹೂವಿನ ಅಕ್ಕಂಗೂ ಹಳೇ ಹೊಟ್ಟೆಉರಿ ನೆನಪಾಯ್ತು. "ನಂಗೂ ಅಂಗೇ ಮಾಡಿದ್ರು ಸಾಮಿ! ಜರ ಬಂದಾಗ ಒಂದ್ ಸೂಜಿ ಆಕವ್ವಾ ಅಂದ್ರೆ, ಸರ್ಕಾರಿ ಆಸ್ಪತ್ರೆಗೆ ಓಗು ಅಂತ ಆಟೋ ಅತ್ತಿಸ್ಬಿಟ್ರು!"

ಆಫೀಸರ್ ಪೆನ್ನು ನಿಂತ್ಹೋಯ್ತು. "ಏನಮ್ಮ, ಈಗ ತಾನೆ ಹಾಕ್ತಾರೆ ಅಂದ್ಯಲ್ಲ?"

"ಅದು ಮರ್ವಾದೆಗೆ ಅಂದಿದ್ದು ಸಾಮಿ. ಒಳ್ಳೇ ಡಾಕ್ಟ್ರು ಅಂತ ನೀವು ಅನ್ಕೋಬೇಕಲ್ಲ!"

ಒಳಗೆ ಹೋಗಿ ಮೂಲೆ ಮೂಲೆ ತಡಕಾಡಿದ್ರು. ಮಣ್ಣಿನ ಡಬ್ಬ, ಒದ್ದೆ ಬಟ್ಟೆ, ತೊಟ್ಟಿ, ಒಂದು ಬೂದುಗುಂಬಳ, ಇಷ್ಟೇ. ಆಫೀಸರ್ ಬರೆದದ್ದನ್ನ ಅಡ್ಡಗೆರೆ ಎಳೆದು ಹೊಡೆದಾಕಿ, ಆಯಮ್ಮನ ಸರ್ಟಿಫಿಕೇಟ್ ನಂಬರ್ ಬರ್ಕೊಂಡ. "ಇಷ್ಟು ಕಂಪ್ಲೇಂಟ್ ಇರೋದಕ್ಕೇ ಬಚಾವಾದ ಡಾಕ್ಟ್ರನ್ನ ನಾನು ಎಲ್ಲೂ ನೋಡಿಲ್ಲ ಮೇಡಂ" ಅಂದು ಜೀಪು ಹತ್ತಿದ.

ಡಾಕ್ಟ್ರಮ್ಮ ಬಾಗಿಲು ಹಾಕಿ, ಬೆಂಚಲ್ಲಿದ್ದ ಅಷ್ಟೂ ಜನಕ್ಕೆ ಒಂದೊಂದು ದೊಡ್ಡ ಲೋಟ ಬೂದುಗುಂಬಳದ ರಸ ಕೊಟ್ಟು, ಮುಗಿಸೋವರೆಗೂ ಎದುರಿಗೇ ನಿಂತ್ರು. "ಇನ್ನು ನನ್ನನ್ನು ಯಾರಾದ್ರೂ ಹೊಗಳಿದ್ರೆ ಎರಡು ಲೋಟ" ಅಂದ್ರು. ಕಣ್ಣು ಮಾತ್ರ ಒದ್ದೆ.

ಅದಾಗಿ ಎರಡು ಬೇಸಿಗೆ ಕಳೆದಿರಬೇಕು. ಒಂದು ಬೆಳಗ್ಗೆ ನಂಗೆ ಎದೆ ಹಿಂಡ್ದಂಗಾಯ್ತು, ಎಡತೋಳು ಭಾರ. ಗ್ಯಾಸು ಅನ್ಕೊಂಡು ಕೆಳಗಿಳಿದು, "ಮೇಡಂ, ಒಂದು ಪಟ್ಟಿ ಹಾಕಿ, ಹಲ್ಲಿ ಬೇಡ" ಅಂದೆ. ಮಣ್ಣು ಕಲಸ್ತಿದ್ದ ಕೈಲೇ ನಾಡಿ ಹಿಡಿದ್ರು. ಮುಖ ನೋಡಿದ್ರು. ಎದುರುಗಡೆ ಗೋಡೆಲಿದ್ದ ಸರ್ಟಿಫಿಕೇಟ್ ಕಡೆ ಕೂಡ ನೋಡಲಿಲ್ಲ.

"ಏಳಿ. ಇದು ನಂಗೆ ಬರ್ಕೊಟ್ಟಿಲ್ಲ."

ಆಂಬುಲೆನ್ಸಿಗೆ ಫೋನ್ ಮಾಡಿದ್ರೆ ಅದು ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿತ್ತು. ರಸ್ತೆ ಮಧ್ಯಕ್ಕೆ ಓಡಿ ಆಟೋ ನಿಲ್ಲಿಸಿ ನನ್ನ ಒಳಗೆ ತುಂಬ್ಕೊಂಡ್ರು. ನಾನೇನು ಹೆದರೋ ಆಸಾಮಿನಾ? ದಾರಿ ಪೂರ್ತಿ ಜೋಕ್ ಹೊಡ್ಕೊಂಡೇ ಹೋದೆ, ಡ್ರೈವರ್ ನಕ್ಕೂ ನಕ್ಕೂ ಸಾಕಾದ. ಆಸ್ಪತ್ರೆಲಿ ನನ್ನ ಬಿಳಿ ಅಂಗಿ ಮೇಲೆ ಐದು ಬೆರಳಿನ ಮಣ್ಣು ನೋಡಿ, ಎಲ್ಲಿ ಬಿದ್ರಿ ತಾತ ಅಂತ ಕೇಳಿದ್ರು. ಇನ್ನೊಂದು ಸ್ವಲ್ಪ ತಡ ಆಗಿದ್ರೂ ಕಷ್ಟ ಇತ್ತಂತೆ. ಆಯಮ್ಮ ಅವತ್ತು ನನ್ನ ಹೊಟ್ಟೆ ಮೇಲೆ ಮಣ್ಣು ಹಾಕಿದ್ದಿದ್ರೆ, ಆಮೇಲೆ ಊರೋರು ನನ್ನ ಮೈ ತುಂಬ ಮಣ್ಣು ಹಾಕ್ಬೇಕಾಗ್ತಿತ್ತು.

ಹೋದ ವರ್ಷ ಆಯಮ್ಮಂಗೇ ಕಾಯಿಲೆ ಬಂತು, ಹೊಟ್ಟೆಲಿ ಗಡ್ಡೆ. ಒಂದು ದಿನಾನೂ ಮುಂದಕ್ಕೆ ಹಾಕದೆ ದೊಡ್ಡಾಸ್ಪತ್ರೆ ಸೇರಿದ್ರು. ಬೀದಿಲಿ ಕೆಲವರು ನಕ್ರು, ಮಣ್ಣು ಡಾಕ್ಟ್ರಿಗೂ ಆಪರೇಷನ್ ಬೇಕಾಯ್ತಾ ಅಂತ. ನಾನು ನೋಡೋಕೆ ಹೋಗಿದ್ದೆ. ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದ್ರು.

"ಮೇಡಂ, ಸರ್ಜಾಪುರದ ಮಣ್ಣು ತಂದು ಒಂದು ಪಟ್ಟಿ ಹಾಕ್ಲಾ?"

"ನಿಮಗೆ ಬರ್ಕೊಟ್ಟಿಲ್ಲ ಮಾರಾಯ್ರೆ" ಅಂತ ನಕ್ರು. ತುಟಿ ಒಣಗಿತ್ತು. ಆ ಸಲ ಅವರ ಕೈ ಬೆಚ್ಚಗಿತ್ತು, ಉಗುರಲ್ಲಿ ಮಣ್ಣಿರಲಿಲ್ಲ. ಅದನ್ನ ನೋಡಿದಾಗ್ಲೇ ನಂಗೆ ಗೊತ್ತಾಯ್ತು. ಅವರು ವಾಪಸ್ ಬರಲಿಲ್ಲ.

ಈಗ ಆ ಅಂಗಡಿಲಿ ಲ್ಯಾಪ್‌ಟಾಪ್ ರಿಪೇರಿ. ಎದುರು ಗೋಡೆಲಿ ಫ್ರೇಮ್ ನೇತಾಕಿದ್ದ ಆ ಮೊಳೆ ಹಂಗೇ ಇದೆ, ಕೀಳೋಕೆ ನಾನು ಬಿಟ್ಟಿಲ್ಲ.

ಇನ್ನು ಪಂದ್ಯದ ವಿಷಯ. ಹಲ್ಲಿ ನಿಜ. ಸಿರಿಂಜ್ ನಿಜ, ಯಾವತ್ತಾದ್ರೂ ಸಾಯಂಕಾಲ ಬನ್ನಿ, ತೋರಿಸ್ತೀನಿ. ಕಂಪ್ಲೇಂಟ್ ಉಪಾಯ ನನ್ನದೇ, ಅದರಲ್ಲಿ ಯಾರಿಗೂ ಪಾಲಿಲ್ಲ. ಕಟ್ಟಿ ಹೇಳಿದ್ದು ಒಂದೇ ಒಂದು. ಆಟೋಲಿ ಜೋಕ್ ಹೊಡೆದೆ ಅಂದ್ನಲ್ಲ, ಅದು. ಒಂದೂ ಹೊಡೀಲಿಲ್ಲ. ದಾರಿ ಉದ್ದಕ್ಕೂ ಆ ತಣ್ಣನೆ ಕೈ ಗಟ್ಟಿ ಹಿಡ್ಕೊಂಡು, ಬಿಡ್ಬೇಡಿ ಮೇಡಂ, ಬಿಡ್ಬೇಡಿ ಅಂತ ಅಳ್ತಾನೇ ಇದ್ದೆ. ಕೈ ಹಿಡ್ಕೊಳ್ಳೋಕೆ ನಂಗೆ ಬರ್ಕೊಟ್ಟಿಲ್ಲ ಅಂತ ಆಯಮ್ಮ ಒಂದು ಸಲಾನೂ ಅನ್ನಲಿಲ್ಲ.