ಲಂಗರು ಕಚ್ಚದ ನೀರು

ಕೆಂಗೇರಿಯಲ್ಲಿ ಫೈಬರ್ ಸಾಮಾನು ಮಾಡುವ ಶೆಡ್ ಇಟ್ಟುಕೊಂಡಿರುವ ಚನ್ನವೀರಪ್ಪನವರಿಗೆ ಹೇಸಿಗೆ ಎಂಬುದು ಹೊಟ್ಟೆಪಾಡಿನ ಜೊತೆಗೇ ಅಂಟಿಕೊಂಡು ಬಂದದ್ದು. ಶೆಡ್ಡಿನ ಹಿಂಗೋಡೆಗೆ ತಾಗಿದಂತೆ ವೃಷಭಾವತಿ ಹರಿಯುತ್ತದೆ. ಹೆಸರಿಗೆ ಹೊಳೆ, ಹರಿಯುವುದು ಊರವರ ಕಕ್ಕಸಿನ ನೀರು. ಮಳೆಯ ಮರುದಿನ ಕರೀ ನೀರಿನ ಮೇಲೆ ಬಿಳೀ ನೊರೆ ಆಳೆತ್ತರ ಎದ್ದು, ಗಾಳಿಗೆ ತುಂಡುತುಂಡಾಗಿ ಹಾರಿ, ಒಣಗಲಿಟ್ಟ ಅಚ್ಚುಗಳ ಮೇಲೆ ಬಂದು ಕೂರುತ್ತದೆ. ಚಂದ್ರಾ ಲೇಔಟಿನ ಮನೆಗೆ ಹೋಗಿ ಉಜ್ಜಿ ಉಜ್ಜಿ ಸ್ನಾನ ಮಾಡಿದರೂ, ತಟ್ಟೆಯ ಮುಂದೆ ಕೂತಾಗ ಆ ನಾತ ಮೂಗಿನೊಳಗಿಂದಲೇ ಇಳಿದು ಬರುತ್ತಿತ್ತು. ಮಜ್ಜಿಗೆಯನ್ನಂತೂ ಬಿಟ್ಟೇಬಿಟ್ಟಿದ್ದರು. ನೊರೆ ಕಂಡರೆ ವಾಕರಿಕೆ.

ನೀರಿನ ತೊಟ್ಟಿ, ಆಟೋ ಹುಡ್, ಪಾರ್ಕಿನ ಕೆರೆಗೆ ಪೆಡಲ್ ದೋಣಿ ಮಾಡುತ್ತಿದ್ದ ಮನುಷ್ಯ ಒಂದು ವರ್ಷ ತನಗೇ ಅಂತ ದೋಣಿ ಕಟ್ಟಿದರು. ಇಬ್ಬರು ಮಲಗುವಷ್ಟು ಪುಟ್ಟ ಗೂಡು, ಹಿಂದೊಂದು ಇಂಜಿನ್.

"ಒಂದ್ಸಲ ಶುದ್ಧವಾದ ನೀರಿನ ಮೇಲೆ ಮಲಗಿ ಏಳ್ಬೇಕು ಕಣೇ," ಎಂದರು ಹೆಂಡತಿಗೆ.

ಶಿವರಂಜನಿ ಬಸವೇಶ್ವರನಗರದ ಲ್ಯಾಬೊಂದರಲ್ಲಿ ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುವಾಕೆ. ಯಾವುದಕ್ಕೂ ಮೂಗು ಮುರಿದವಳಲ್ಲ. "ನಡೀರಿ, ನಂಗೂ ರಜಾ ಇದೆ," ಎಂದಳು.

ಸಂಕ್ರಾಂತಿ ಕಳೆದ ಮೇಲೆ ದೋಣಿಯನ್ನು ಲಾರಿಗೆ ಹೇರಿ ಕುಮಟಾ ಕಡೆಗೆ ಒಯ್ದರು. ಅಲ್ಲಿ ನಾಣಿ ಎಂಬ ಮೀನುಗಾರ ದಾರಿ ತೋರಿಸಲು ಜೊತೆಯಾದ. ಹಗಲೆಲ್ಲ ದಡವನ್ನು ಎಡಕ್ಕಿಟ್ಟುಕೊಂಡು ದಕ್ಷಿಣಕ್ಕೆ ಸಾಗುವುದು, ಸಂಜೆ ಅಲೆ ಹೊಡೆಯದ ಜಾಗ ನೋಡಿ ಲಂಗರು ಹಾಕಿ ಮಲಗುವುದು ಎಂದು ಮಾತಾಯಿತು.

ಮೊದಲ ಸಂಜೆ ತೆಂಗಿನ ಮರಗಳ ನಡುವೆ ಒಂದು ಅಳಿವೆ ಕಂಡಿತು. ಚಿತ್ರ ಬರೆದ ಹಾಗಿತ್ತು.

"ಇಲ್ಲಿ ಬೇಡ ಸರ, ಲಂಗರು ಹಿಡಿಯುದಿಲ್ಲ," ಎಂದ ನಾಣಿ.

ಚನ್ನವೀರಪ್ಪ ಕೇಳಲಿಲ್ಲ. ಹಾಕಿಸಿದರು. ದೋಣಿ ನಿಲ್ಲದೆ ಹಿಂದಕ್ಕೆ ಜಾರತೊಡಗಿತು. ತಾವೇ ಹಗ್ಗ ಎಳೆದರೆ ಲಂಗರಿನ ಜೊತೆ ಮೇಲೆ ಬಂದದ್ದು ಹರಿದ ಬಲೆ, ಬಲೆಗೆ ಸುತ್ತಿಕೊಂಡ ಪ್ಲಾಸ್ಟಿಕ್ ಕವರುಗಳು, ನೀರು ಕುಡಿದು ಊದಿದ ಒಂದು ಡೈಪರು, ಎಲ್ಲದರ ಮೇಲೂ ಕರೀ ಲೋಳೆ. ಮಣ್ಣಿನ ಮೇಲೆ ಕಸದ ಹಾಸು ಬಿದ್ದು ಲಂಗರು ಕಚ್ಚುವುದಕ್ಕೇ ಜಾಗವಿರಲಿಲ್ಲ. ಲೋಳೆ ಅವರ ಮೊಣಕೈವರೆಗೆ ಇಳಿಯಿತು. ಆ ನಾತವನ್ನು ಯಾರೂ ಪರಿಚಯ ಮಾಡಿಸಬೇಕಾಗಿರಲಿಲ್ಲ. ಅವರು ಇನ್ನೊಂದು ಮಗ್ಗುಲಿಗೆ ಬಗ್ಗಿ ಮಧ್ಯಾಹ್ನದ ಊಟವನ್ನೆಲ್ಲ ಕಾರಿಕೊಂಡರು.

"ಇದಕ್ಕೆ ಇಷ್ಟು ದೂರ ಬರ್ಬೇಕಿತ್ತೇನ್ರೀ?" ಎಂದು ಶಿವರಂಜನಿ ಬೆನ್ನು ತಟ್ಟಿದಳು.

ಮರುದಿನ ಸಂಜೆ ಒಂದು ನಡುಗಡ್ಡೆಯ ಮರೆ ಸಿಕ್ಕಿತು. ಲಂಗರೂ ಕಚ್ಚಿತು. ಅಷ್ಟರಲ್ಲಿ ಪ್ರವಾಸಿಗರ ದೊಡ್ಡ ದೋಣಿಯೊಂದು ಎದೆ ನಡುಗುವ ಹಾಡು ಹಾಕಿಕೊಂಡು ಪಕ್ಕದಲ್ಲೇ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಎಂಜಲು ತಟ್ಟೆಗಳು ತೇಲಿ ಬಂದು ಇವರ ದೋಣಿಗೆ ತಾಗಿ ನಿಂತವು. ಪಲಾವಿನ ಅಗುಳು, ಕಚ್ಚಿ ಬಿಟ್ಟ ಮೂಳೆ. ಆ ದೋಣಿಯ ಕಂಬಿ ಹಿಡಿದು ಬಿಯರು ಕಕ್ಕುತ್ತಿದ್ದವನೊಬ್ಬ ಬಾಯಿ ಒರೆಸಿಕೊಂಡು ಕೈ ಬೀಸಿದ: "ಹಾಯ್ ಅಂಕಲ್! ಬೆಂಗ್ಳೂರಾ?"

"ನಮ್ಮೋರೇ ಕಣ್ರೀ," ಎಂದಳು ಶಿವರಂಜನಿ, ಅವನ ಟೀಶರ್ಟಿನ ಮೇಲಿನ ರಾಜಾಜಿನಗರದ ಹೆಸರು ಓದಿ.

"ಥೂ, ಹೇಸಿಗೆ ಮುಂಡೇವು. ಹೋದಲ್ಲೆಲ್ಲ ಹೊಲಸು ಮಾಡ್ತಾವೆ. ನಾಣಿ, ಎತ್ತಪ್ಪ ಲಂಗರು."

ಮೂರನೆಯ ಸಂಜೆ ನಾಣಿಯೇ ಚುಕ್ಕಾಣಿ ಹಿಡಿದು, ಸಮುದ್ರಕ್ಕೆ ಚಾಚಿದ ಗುಡ್ಡವೊಂದರ ಹಿಂದಕ್ಕೆ ಕರೆದೊಯ್ದ. ಬಡಗಣ ಗಾಳಿ ಗುಡ್ಡದಾಚೆಗೇ ನಿಂತಿತು. ತಳದಲ್ಲಿ ಬರೀ ಮರಳು. ಲಂಗರು ಊರಿಕೊಂಡದ್ದು ಮೇಲಿಂದಲೇ ಕಾಣುತ್ತಿತ್ತು. ದೋಣಿ ತೊಟ್ಟಿಲ ಹಾಗೆ ಅಲ್ಲಾಡಿತು. ಚನ್ನವೀರಪ್ಪ ಮೂಗು ತುಂಬ ಉಸಿರೆಳೆದರು. ನಾತವಿರಲಿಲ್ಲ. ಖುಷಿಯಲ್ಲಿ ಶರ್ಟಿನ ತೋಳು ಮಡಚಿ, ಇಂಜಿನ್ನಿನ ಹಳೇ ಎಣ್ಣೆಯನ್ನು ಡಬ್ಬಿಗೆ ಇಳಿಸಿ, ಹೊಸದು ಹಾಕಿ, ಆ ಡಬ್ಬಿಯನ್ನು ನೀರಿಗೆ ಅದ್ದಿ, ಅಲುಗಾಡಿಸಿ ಸುರಿದುಬಿಟ್ಟರು.

ಬಣ್ಣಬಣ್ಣದ ಪೊರೆ ಹರಡಿಕೊಂಡು ತಳದ ಮರಳು ಮಾಯವಾಯಿತು.

"ಅಲ್ಯಾಕ್ರೀ ಸುರಿದ್ರಿ?"

"ಡಬ್ಬಿ ತೊಳೆದೆ, ಅಷ್ಟೇ."

"ಬ್ರಷ್ ತೊಳೆದ ಅಸಿಟೋನ್ ಬಕೆಟ್ಟೂ ಹಿಂಗೇ ಅಲ್ವಾ, ಶೆಡ್ ಹಿಂದಿನ ಗೋಡೆ ಮೇಲಿಂದ ಹೊಳೆಗೆ ಸುರಿಯೋದು? ನಾನು ನೋಡಿಲ್ವಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲ್ಯಾಬಿನಲ್ಲಿ ಯಾರದೋ ರಿಪೋರ್ಟು ಓದಿ ಹೇಳಿದಂತಿತ್ತು. ಚನ್ನವೀರಪ್ಪ ಬನಿಯನ್ ಬಿಚ್ಚಿ ಪೊರೆಯನ್ನು ಒರೆಸಲು ಬಗ್ಗಿದರು. ಅದು ಚೂರುಚೂರಾಗಿ ಜಾರಿಕೊಂಡಿತು.

"ಬಿಡಿ ಸರ, ಇಳಿತಕ್ಕೆ ಹೋಗ್ತದೆ," ಎಂದ ನಾಣಿ.

"ಎಲ್ಲಿಗೆ?"

ನಾಣಿ ದಕ್ಷಿಣಕ್ಕೆ, ಮೀನುಗಾರರ ದೋಣಿಗಳು ಕಟ್ಟಿದ್ದ ದಡದ ಕಡೆಗೆ, ಗದ್ದ ಎತ್ತಿ ತೋರಿಸಿದ.

ಅಂದು ಶಿವರಂಜನಿ ಬಿಚ್ಚಿಟ್ಟ ಜೋಳದ ರೊಟ್ಟಿಯನ್ನು ಅವರು ಮುಟ್ಟಲಿಲ್ಲ. ಕೈಯನ್ನು ಎಷ್ಟು ಸಲ ಮೂಸಿದರೂ ಎಣ್ಣೆಯ ವಾಸನೆ. ಹೊಳೆಯ ಬಗ್ಗೆ, ಜನರ ಬಗ್ಗೆ ಇಷ್ಟು ವರ್ಷ ಪಟ್ಟ ಅಸಹ್ಯ ಈಗ ಸ್ವಂತ ಬೆರಳುಗಳ ಮೇಲೆ ಬಂದು ಕೂತಿತ್ತು.

ಊರಿಗೆ ಮರಳಿದ ದಿನವೇ ಶೆಡ್ಡಿನ ಮೂಲೆಗೆ ಒಂದು ಖಾಲಿ ಡ್ರಮ್ ತಂದಿಡಿಸಿದರು. ಹಳೇ ಕೆಲಸಗಾರ ಮುನಿಯಣ್ಣ ಅಭ್ಯಾಸದಂತೆ ಬಕೆಟ್ ಹಿಡಿದು ಗೋಡೆಯತ್ತ ಹೊರಟಿದ್ದ.

"ಇದಕ್ಕೆ ಸುರಿ."

"ಸಾರ್, ಆ ಮೋರಿಗೆ ನಾವೊಬ್ರೇನಾ ಹಾಕೋದು?"

ಚನ್ನವೀರಪ್ಪ ಬಕೆಟ್ ಇಸಕೊಂಡು ತಾವೇ ಡ್ರಮ್ಮಿಗೆ ಸುರಿದರು. ಈಗ ಡ್ರಮ್ ತುಂಬಿದೆ. ಇಂಥ ಕೊಳೆ ಒಯ್ಯುವವರಿಗೆ ಫೋನ್ ಮಾಡಿದರೆ ಎಲ್ಲರೂ ನಾಳೆ ಬಂದು ಒಯ್ಯುತ್ತೇವೆ ಅನ್ನುತ್ತಾರೆ, ಬರುವುದಿಲ್ಲ. ಮುಚ್ಚಳ ಬಿಗಿ ಮಾಡಿದ್ದರೂ ಘಾಟು ಹೊಡೆಯುತ್ತದೆ. ಅವರು ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಮೂಗಿಗೆ ಕರ್ಚೀಫು ಹಿಡಿದು, ಇನ್ನೊಂದು ನಂಬರಿಗೆ ಡಯಲ್ ಮಾಡುತ್ತಾರೆ.